ತಾಯ್ತಂದೆ ಇರುವಾಗಲೇ ಮಗನನ್ನು ಗುಂಪು ಮನೆಗೆ ಸೇರಿಸಬೇಕೇ? ಪರ–ವಿರೋಧ

ಕಲಬುರಗಿಯಲ್ಲಿ ಬೌದ್ಧಿಕ ವಿಕಲತೆ ಇರುವ ಮಕ್ಕಳ ತಂದೆತಾಯಿ ನಾಲ್ಕು ಜನ ಸೇರಿದರೆ ಮಾತು ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ: "ನಾವು ಸತ್ತ ಮ್ಯಾಲ ಇವನ ಗತಿ ಏನ್ರಿ?" ಮಕ್ಕಳು ಅಂದರೆ ಮೂವತ್ತು, ನಲವತ್ತು ದಾಟಿದವರು. ಇಂಥ ನಾಲ್ಕೈದು ಜನ ಸಹಾಯಕರ ಜೊತೆ ಒಟ್ಟಿಗೆ ಬಾಳುವ ಗುಂಪು ಮನೆಗೆ ಅವರನ್ನು ಈಗಲೇ ಸೇರಿಸಬೇಕೇ ಅನ್ನೋ ಪ್ರಶ್ನೆಗೆ ಕೆಳಗೆ ಎರಡೂ ಕಡೆಯ ವಕಾಲತ್ತು ನನ್ನದೇ. ಮನಸ್ಸು ಯಾವ ಕಡೆ ವಾಲಿದೆ ಅನ್ನೋದನ್ನು ಮುಚ್ಚಿಡಲು ಹೋಗಿಲ್ಲ.

ಪರ: ಕೈಕಾಲು ಗಟ್ಟಿ ಇರುವಾಗಲೇ ಸೇರಿಸಿ

ನಮ್ಮ ಓಣಿಯಲ್ಲಿ ಎಪ್ಪತ್ತು ದಾಟಿದ ಒಬ್ಬರು ಹಿರಿ ಮಗನಿಗೆ ತಾವೇ ದಾಡಿ ಮಾಡುತ್ತಾರೆ. ಮಗನಿಗೆ ನಲವತ್ತರ ಹತ್ತಿರ. ಕಟ್ಟೆ ಮೇಲೆ ಕೂರಿಸಿ, ಎಡಗೈಯಲ್ಲಿ ಗದ್ದ ಹಿಡಿದು, "ಅಲ್ಲಾಡಬ್ಯಾಡಪ್ಪ" ಅನ್ನುತ್ತ ರೇಜರ್ ಎಳೆಯುತ್ತಾರೆ. ಮಗ ಕಣ್ಣು ಮುಚ್ಚಿ ಮುಖ ಎತ್ತಿ ಕೂರುತ್ತಾನೆ. ಈಚೆಗೆ ಅಪ್ಪನ ಕೈ ನಡುಗುತ್ತದೆ. ಗದ್ದದ ಕೆಳಗೆ ಹತ್ತಿ ಅಂಟಿಸಿಕೊಂಡೇ ಮಗ ಓಣಿ ತಿರುಗುತ್ತಾನೆ. ತಾಯಿಗೆ ಮೊಣಕಾಲು ನೋವು, ಸ್ನಾನ ಮಾಡಿಸಲು ಆಗುತ್ತಿಲ್ಲ. ಅವನ ತಮ್ಮ ಪುಣೆಯಲ್ಲಿ ಎರಡು ರೂಮಿನ ಬಾಡಿಗೆ ಮನೆಯಲ್ಲಿದ್ದಾನೆ. "ಸೊಸಿ ನೋಡ್ಕೋತಾಳ ಬಿಡ್ರಿ" ಅನ್ನುವ ಬೀಗರು ಆ ಸೊಸೆಯನ್ನು ಒಮ್ಮೆಯೂ ಕೇಳಿಲ್ಲ.

ಈ ಇಬ್ಬರಲ್ಲಿ ಒಬ್ಬರು ಹೋದ ದಿನ ಏನಾಗುತ್ತದೆ? ಅವ್ವ, ಮನೆ, ಮಂಚ, ಊಟದ ಹೊತ್ತು, ಎಲ್ಲವೂ ಒಂದೇ ವಾರದಲ್ಲಿ ಕೈಬಿಡುತ್ತವೆ. ಸಾವು ಅಂದರೆ ಏನು ಅಂತ ಯಾರೂ ಅವನಿಗೆ ಕೂರಿಸಿ ಹೇಳುವುದಿಲ್ಲ. ದಿನಕರ್ಮ ಮುಗಿಸಿ ಗಾಡಿ ಹತ್ತಿಸುತ್ತಾರೆ.

ಅದರ ಬದಲು ಈಗಲೇ ಶುರು ಮಾಡಬಹುದು. ಮೊದಲು ಬರೀ ಹಗಲು. ಆಮೇಲೆ ಶನಿವಾರದ ರಾತ್ರಿ. ಆಮೇಲೆ ವಾರ. ತಾಯಿ ಜೊತೆಗೆ ಹೋಗಿ ಹೇಳಿಕೊಡಬೇಕು: ಫಿಟ್ಸ್ ಗುಳಿಗೆಯನ್ನು ರೊಟ್ಟಿ ತುಣುಕಿನಲ್ಲಿ ಮಡಚಿ ಕೊಟ್ಟರೆ ಮಾತ್ರ ನುಂಗುತ್ತಾನೆ, ಕಿವಿ ಎಳೆದುಕೊಂಡರೆ ಪಾಯಖಾನೆಗೆ ಹೋಗಬೇಕು ಅಂತ. ಇದು ಯಾವ ಫೈಲಿನಲ್ಲೂ ಇಲ್ಲ. ಹೇಳಿಕೊಡದಿದ್ದರೆ ಅವಳ ಜೊತೆಗೇ ಹೋಗುತ್ತದೆ.

ಗುಂಪು ಮನೆ ಅಂದ ಕೂಡಲೇ ನೂರಾರು ಜನರನ್ನು ತುಂಬಿದ ಹಾಲ್ ಕಣ್ಣ ಮುಂದೆ ಬರುತ್ತದೆ. ಇಲ್ಲಿ ಕೇಳುತ್ತಿರುವುದು ಬೇರೆ. ಮಾಮೂಲಿ ಓಣಿಯಲ್ಲಿ ಒಂದು ಮಾಮೂಲಿ ಮನೆ, ನಾಲ್ಕೈದು ಜನ, ಒಬ್ಬೊಬ್ಬರಿಗೂ ಸ್ವಂತ ಮಂಚ ಮತ್ತು ಕಪಾಟು, ಹಗಲು ರಾತ್ರಿ ಸಹಾಯಕ್ಕೆ ಜನ. ತಮಿಳುನಾಡಿನಲ್ಲಿ ದಿ ಬ್ಯಾನಿಯನ್ ಸಂಸ್ಥೆ 'ಹೋಮ್ ಅಗೇನ್' ಅಂತ ಇಂಥ ಬಾಡಿಗೆ ಮನೆಗಳನ್ನು ನಡೆಸುತ್ತಿದೆ. ಅದು ಮಾನಸಿಕ ಕಾಯಿಲೆ ಇರುವವರಿಗೆ, ಬೌದ್ಧಿಕ ವಿಕಲತೆ ಬೇರೆ. ಆದರೂ ದೊಡ್ಡ ಕಟ್ಟಡ, ಕಾಂಪೌಂಡ್ ಗೋಡೆ ಇಲ್ಲದೆಯೂ ಆಗುತ್ತದೆ ಅನ್ನೋದಂತೂ ಕಾಣಿಸಿದೆ. ಬೌದ್ಧಿಕ ವಿಕಲತೆಯಂಥವು ಇರುವವರಿಗಾಗಿ ಬಂದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ವಯಸ್ಕರ ಇಂಥ ವಾಸಕ್ಕೆಂದೇ 'ಘರೌಂದಾ' ಎಂಬ ಯೋಜನೆ ಬಂದಿದೆ.

ಇನ್ನೊಂದು ಮಾತು, ಸ್ವಲ್ಪ ಕಹಿ. ಪ್ರೀತಿ ಜಾಸ್ತಿ ಆದ ಮನೆಯಲ್ಲಿ ಅವನು ಚಹಾ ಕಪ್ಪನ್ನೂ ತೊಳೆಯಲಿಲ್ಲ. ಅವ್ವನೇ ತೊಳೆದಳು. ಅವನ ವಯಸ್ಸಿನ ಗೆಳೆಯ ಒಬ್ಬನೂ ಇಲ್ಲ. ನಲವತ್ತರ ಗಂಡಸು ಎಂಟು ವರ್ಷದ ಹುಡುಗನ ಹಾಗೆ ಬದುಕಿದ್ದಾನೆ. ಅವನಿಗೇನು ಇಷ್ಟ ಅಂತ ಯಾರೂ ಕೇಳಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಸಮುದಾಯದಲ್ಲಿ ಬದುಕುವ ಹಕ್ಕು ಕೊಡುವುದು ಅವನಿಗೆ, ಅವನ ಮನೆಯವರಿಗಲ್ಲ.

ವಿರೋಧ: ಮೊದಲು ಅಂಥ ಮನೆ ತೋರಿಸಿ

ಸೇರಿಸಿ ಅನ್ನುತ್ತೀರಿ. ಎಲ್ಲಿಗೆ? ನಮ್ಮ ಕಡೆಯವರು ನೋಡುವುದು ಹೈದರಾಬಾದ್ ಅಥವಾ ಸೊಲ್ಲಾಪುರ. ಬೆಂಗಳೂರಿಗೆ ಆರುನೂರು ಕಿಲೋಮೀಟರ್, ಹೈದರಾಬಾದಿಗೆ ಅದರ ಅರ್ಧವೂ ಇಲ್ಲ. ಬೀದರದವರಿಗೆ ಇನ್ನೂ ಹತ್ತಿರ. ಬೌದ್ಧಿಕ ವಿಕಲತೆಯ ರಾಷ್ಟ್ರೀಯ ಸಂಸ್ಥೆ 1984ರಿಂದ ಸಿಕಂದರಾಬಾದಿನಲ್ಲೇ ಇದೆ. ಪರೀಕ್ಷೆಗೆ, ಸಲಹೆಗೆ ಹೋಗಿ ಬರೋಣ, ಸರಿ. ಬದುಕಲಿಕ್ಕೆ? ಇವನಿಗೆ ಬರುವ ನಾಲ್ಕು ಮಾತು ಕಲಬುರಗಿ ಕನ್ನಡದ್ದು, ಇಲ್ಲ ದಖನಿ ಉರ್ದುವಿನದ್ದು. ಸುತ್ತ ತೆಲುಗು. ರೊಟ್ಟಿ ತಿಂದು ಬೆಳೆದವನಿಗೆ ಮೂರು ಹೊತ್ತೂ ಅನ್ನ. ಹೊಟ್ಟೆ ನೋವು ಅಂತ ಹೇಳಲು ಮನೆಯಲ್ಲೇ ಕಷ್ಟಪಡುವವನು ಅಲ್ಲಿ ಯಾರಿಗೆ ಏನು ಹೇಳಬೇಕು?

ಒಂದು ವಸತಿ ಕೇಂದ್ರಕ್ಕೆ ಪರಿಚಯದವರ ಜೊತೆ ಹೋಗಿದ್ದೆ. ಮುಂದಿನ ಕೋಣೆ ಚೆಂದ, ಗೋಡೆ ತುಂಬ ಫೋಟೋ. ಒಳಗೆ ಎಲ್ಲರ ತಲೆಗೂ ಒಂದೇ ಕಟಿಂಗ್. ಬಟ್ಟೆಗಳು ಒಂದೇ ಗಂಟಿನಲ್ಲಿ, ಬೆಳಗ್ಗೆ ಕೈಗೆ ಸಿಕ್ಕಿದ್ದು ಹಾಕುತ್ತಾರೆ. ಮಗ್ಗಿನಲ್ಲಿ ಬ್ರಷ್‌ಗಳಿದ್ದವು, ಹೆಸರು ಬರೆದಿರಲಿಲ್ಲ. ಊಟ ಸಂಜೆ ಐದೂವರೆಗೆ, ಯಾಕಂದರೆ ಅಡುಗೆಯವಳು ಆರಕ್ಕೆ ಹೋಗಬೇಕು. ಹೊಡೆದಿದ್ದನ್ನೋ ಬೈದಿದ್ದನ್ನೋ ನಾನು ಕಾಣಲಿಲ್ಲ. ಯಾರೂ ಕೆಟ್ಟವರಲ್ಲ. ಅಲ್ಲಿ ಇರುವವರು ದಿನವಿಡೀ ಒಂದೂ ವಿಷಯವನ್ನು ತಾವೇ ತೀರ್ಮಾನ ಮಾಡುವಂತಿರಲಿಲ್ಲ, ಅಷ್ಟೆ. ಯಾವ ಕೇಂದ್ರಕ್ಕೆ ಹೋದರೂ ಆಫೀಸಿನ ಚಹಾ ಕುಡಿದು ಬರಬೇಡಿ. ಬ್ರಷ್ ನೋಡಿ, ಕಪಾಟು ತೆಗೆಸಿ, ರಾತ್ರಿ ಎಷ್ಟು ಜನ ಸಿಬ್ಬಂದಿ ಇರುತ್ತಾರೆ ಕೇಳಿ.

ತಪಾಸಣೆ ಇದೆಯಲ್ಲಾ ಅನ್ನಬಹುದು. 2016ರ ಕಾಯ್ದೆಯಲ್ಲಿ ನೋಂದಣಿ ಇಲ್ಲದೆ ಇಂಥ ಸಂಸ್ಥೆ ನಡೆಸುವಂತಿಲ್ಲ, ನಿಜ. ಇಂಗ್ಲೆಂಡಿನಲ್ಲಿ ಇದಕ್ಕೆಂದೇ ದೊಡ್ಡ ತಪಾಸಣಾ ಸಂಸ್ಥೆ ಇದೆ. ಆದರೂ ಬ್ರಿಸ್ಟಲ್ ಹತ್ತಿರದ ವಿಂಟರ್‌ಬರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಇಂಥವರನ್ನು ಹಿಂಸಿಸುತ್ತಿದ್ದದ್ದು ಜಗತ್ತಿಗೆ ಕಂಡಿದ್ದು 2011ರಲ್ಲಿ, ಬಿಬಿಸಿಯ ಗುಪ್ತ ಕ್ಯಾಮೆರಾದಿಂದ. ಅಲ್ಲಿದ್ದ ನರ್ಸ್ ಒಬ್ಬರು ಮೊದಲೇ ದೂರು ಕೊಟ್ಟಿದ್ದರೂ ಕ್ರಮ ಆಗಿರಲಿಲ್ಲ. ನಮ್ಮಲ್ಲೂ ನೋಡಿ: ಬೌದ್ಧಿಕ ವಿಕಲತೆ ಇರುವವರಿಗೆಂದು ದೆಹಲಿಯಲ್ಲಿರುವ ಸರ್ಕಾರಿ ವಸತಿ ಕೇಂದ್ರ ಆಶಾ ಕಿರಣ್‌ನಲ್ಲಿ 2024ರ ಜುಲೈ ಒಂದೇ ತಿಂಗಳಲ್ಲಿ ಹತ್ತಕ್ಕಿಂತ ಜಾಸ್ತಿ ಜನ ತೀರಿಕೊಂಡರು. ಇವೆರಡೂ ಐದು ಜನರ ಪುಟ್ಟ ಮನೆಗಳಲ್ಲ, ಒಪ್ಪುತ್ತೇನೆ. ಆದರೆ ಪುಟ್ಟ ಮನೆಗೆ ಹೊರಗಿನವರು ಬರುವುದೂ ಕಮ್ಮಿ ಅಲ್ವಾ?

ತಾಯಿ ಹೇಳಿಕೊಡಲಿ ಅನ್ನುವ ಮಾತು ಕೇಳಲು ಚೆಂದ. ಯಾರಿಗೆ ಹೇಳಿಕೊಡುವುದು? ಕಮ್ಮಿ ಸಂಬಳದ ಹುಡುಗಿ ಗುಳಿಗೆಯ ಗುಟ್ಟು ಕಲಿಯುವಷ್ಟರಲ್ಲಿ ಮಾಲ್‌ನಲ್ಲಿ ಕೆಲಸ ಸಿಕ್ಕಿ ಹೋಗುತ್ತಾಳೆ. ಮುಂದಿನವಳಿಗೆ ಹೇಳಲು ತಾಯಿ ಇರುತ್ತಾಳೆ ಅನ್ನುವ ಖಾತ್ರಿ ಏನು? ಓಣಿ ಹಾಗಲ್ಲ. ಅವನಿಗೆ ಅರ್ಧ ಚಹಾ ಮಾತ್ರ ಕೊಡಬೇಕು ಅನ್ನೋದು ಹೋಟೆಲಿನವನಿಗೆ ಗೊತ್ತು. ಶರಣಬಸವೇಶ್ವರ ಜಾತ್ರೆಯಲ್ಲಿ ತಪ್ಪಿಸಿಕೊಂಡರೆ ಯಾರೋ ಕೈ ಹಿಡಿದು ಮನೆಗೆ ತಂದು ಬಿಡುತ್ತಾರೆ. ಅದೇ ಓಣಿ ಅವನನ್ನು ಕಾಡಿಸಿ ನಗುವುದೂ ಉಂಟು, ಅದನ್ನು ಸ್ವರ್ಗ ಮಾಡುವುದು ಬೇಡ.

ಅಪ್ಪನ ಕೈ ನಡುಗಿದರೆ ಬೇಕಾಗಿರುವುದು ಮನೆಗೆ ಬಂದು ದಾಡಿ ಮಾಡುವವರು. ತಾಯಿಗೆ ಮೊಣಕಾಲು ನೋವಾದರೆ ಬೆಳಗ್ಗೆ ಎರಡು ತಾಸು ಬರುವ, ಸಂಬಳ ಪಡೆಯುವ, ತರಬೇತಿ ಪಡೆದ ಆಳು. ತಾಲೂಕಿಗೊಂದು ಹಗಲು ಕೇಂದ್ರ. ತಂದೆತಾಯಿ ಮದುವೆಗೆ, ಆಪರೇಷನ್ನಿಗೆ ಹೋದಾಗ ನಾಲ್ಕು ದಿನ ಬಿಡಲು ಒಂದು ಜಾಗ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಆಗಲೇ ಇದ್ದಾರೆ. ಅವರ ದಿನ ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡು, ಮಾಸಾಶನದ ಅರ್ಜಿಗಳಲ್ಲೇ ಕಳೆಯುತ್ತದೆ. ಫಿಟ್ಸ್ ಬಂದಾಗ ಪಕ್ಕಕ್ಕೆ ಹೊರಳಿಸಿ ಮಲಗಿಸುವುದನ್ನು ಮನೆಮನೆಗೆ ಕಲಿಸುವ ಕೆಲಸ ಅವರಿಗೇ ಕೊಡಬಹುದು. ಅದೇ 5ನೇ ಸೆಕ್ಷನ್ ಇಂಥ ಮನೆಯೊಳಗಿನ ಸಹಾಯವನ್ನೂ ಹೇಳುತ್ತದೆ, ಪರದವರು ಆ ಸಾಲು ಓದಲಿಲ್ಲ.

ಮುಂದಿನ ಗತಿಗೆ ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಕಾನೂನುಬದ್ಧ ಗಾರ್ಡಿಯನ್ ನೇಮಿಸಿಕೊಳ್ಳುವುದು. ಗಾರ್ಡಿಯನ್ ಆದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಪುಣೆಯ ತಮ್ಮನನ್ನೇ ಹೆಸರಿಸುವುದಾದರೆ ಅವನ ಹೆಂಡತಿಯನ್ನೂ ಕೂರಿಸಿಕೊಂಡು ಕೇಳಿ, ಆಮೇಲೆ ಅರ್ಜಿಗೆ ಸಹಿ ಹಾಕಿ.