ಕ್ಯಾನ್ಸೆಲೊ ಅಂದು ಮ್ಯಾಂಚೆಸ್ಟರ್ ಬಿಟ್ಟದ್ದು ಸರಿಯೇ?

2023ರ ಜನವರಿ 31, ಆಟಗಾರರ ವರ್ಗಾವಣೆಗೆ ಕೊನೆಯ ದಿನ. ಪೋರ್ಚುಗಲ್‌ನ ಫುಟ್‌ಬಾಲ್ ಆಟಗಾರ, ರೈಟ್ ಬ್ಯಾಕ್ (ಬಲ ಅಂಚಿನ ರಕ್ಷಕ) ಜೋವೊ ಕ್ಯಾನ್ಸೆಲೊ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಬಿಟ್ಟು ಎರವಲು ಆಟಗಾರನಾಗಿ ಜರ್ಮನಿಯ ಬೇಯರ್ನ್ ಮ್ಯೂನಿಕ್ ಸೇರಿದ. ಸಿಟಿಯ ಜೊತೆ 2027ರವರೆಗಿನ ಒಪ್ಪಂದಕ್ಕೆ ಸಹಿ ಹಾಕಿ ಒಂದು ವರ್ಷವಾಗಿತ್ತಷ್ಟೆ. ಆತ ದುಡುಕಿದನೇ, ಇಲ್ಲ ಬೇರೆ ದಾರಿಯೇ ಇರಲಿಲ್ಲವೇ?

ಪರ: ಹೋಗದೆ ಇನ್ನೇನು ಮಾಡಬೇಕಿತ್ತು?

ಕ್ಯಾನ್ಸೆಲೊಗೆ ಆಗ 28 ವರ್ಷ. ಅಂಚಿನಲ್ಲಿ ಮೇಲೆ ಕೆಳಗೆ ಓಡುವುದೇ ಕೆಲಸವಾದವನಿಗೆ ಕಾಲುಗಳು ಚೆನ್ನಾಗಿರುವ ವರ್ಷಗಳು ಇವೇ. ಅವನ್ನು ಬೆಂಚಿನ ಮೇಲೆ ಕಳೆ ಎಂದು ಉಪದೇಶಿಸುವುದು ಗ್ಯಾಲರಿಯಲ್ಲಿ ಕುಳಿತವರಿಗೆ ಸುಲಭ.

ಸಿಟಿಗೆ ಆತ ಏನು ಕೊಟ್ಟಿದ್ದ ಎಂಬುದನ್ನು ನೆನೆಯಬೇಕು. ಬಲಭಾಗದಲ್ಲಿ ಕೈಲ್ ವಾಕರ್ ಇದ್ದುದರಿಂದ, ಬಲಗಾಲಿನ ಆಟಗಾರನಾದ ಈತ ಎಡಭಾಗಕ್ಕೆ ಹೋದ. ಚೆಂಡು ತಂಡದ ಬಳಿ ಇದ್ದಾಗ ಮೈದಾನದ ನಡುವಿಗೆ ಸರಿದು ಮಿಡ್‌ಫೀಲ್ಡರ್ ಆದ. 2021ರ ನವೆಂಬರ್‌ನಲ್ಲಿ ಎವರ್ಟನ್ ವಿರುದ್ಧ ಬೂಟಿನ ಹೊರಮೈಯಿಂದ ತಿರುಗಿಸಿ ಸಹ ಆಟಗಾರ ಸ್ಟರ್ಲಿಂಗ್‌ಗೆ ಇಟ್ಟ ಆ ಪಾಸನ್ನು ನೋಡಿದವರು ಮರೆತಿರಲಾರರು. ಪೋರ್ಚುಗೀಸರು ಅದನ್ನು ತ್ರಿವೇಲಾ ಎನ್ನುತ್ತಾರೆ. ಅದೇ ಡಿಸೆಂಬರ್ 30ರಂದು ಮನೆಗೆ ನುಗ್ಗಿದ ಕಳ್ಳರು ಮುಖಕ್ಕೆ ಗಾಯವಾಗುವಂತೆ ಹೊಡೆದರು. ಜನವರಿ 1ರಂದು ಆರ್ಸೆನಲ್ ವಿರುದ್ಧ ಆತ ಮೈದಾನದಲ್ಲಿದ್ದ! ಎರಡು ಋತುಗಳ ಕಾಲ ಸತತವಾಗಿ ಲೀಗಿನ ಸಹ ಆಟಗಾರರೇ ಮತ ಹಾಕಿ ಆರಿಸಿದ ವರ್ಷದ ತಂಡದಲ್ಲಿ ಆತನ ಹೆಸರಿತ್ತು.

ಇಂಥವನು ಕತಾರ್ ವಿಶ್ವಕಪ್ ಮುಗಿಸಿ ಬಂದಾಗ ಆತನ ಜಾಗದಲ್ಲಿ ಹದಿನೆಂಟರ ರಿಕೊ ಲೂಯಿಸ್ ಮತ್ತು ನೇಥನ್ ಅಕೆ ನಿಂತಿದ್ದರು. ಸಿಟಿಯ ತರಬೇತುದಾರ ಗ್ವಾರ್ಡಿಯೊಲಾ ಅವರ ಲೆಕ್ಕ ಅವರದು, ಸರಿ. ಆದರೆ ಬೇಡವೆಂದು ಕಂಡ ಮನೆಯಲ್ಲಿ ಕಾಯುವುದಕ್ಕೆ ನಿಷ್ಠೆ ಎಂಬ ಹೆಸರು ಏಕೆ? ಮ್ಯೂನಿಕ್‌ಗೆ ಹೋದ ಮರುದಿನವೇ ಮೈಂಜ್ ವಿರುದ್ಧದ ಜರ್ಮನ್ ಕಪ್ ಪಂದ್ಯದ ಮೊದಲ ಗೋಲಿಗೆ ಪಾಸ್ ಕೊಟ್ಟವನು ಈತ. ವಲೆನ್ಸಿಯಾ, ಇಂಟರ್, ಯುವೆಂಟಸ್ ಎಂದು ಮೊದಲಿನಿಂದಲೂ ಅಲೆದೇ ಬೆಳೆದವನು. ಮುಂದೆ ಬಾರ್ಸಿಲೋನಾದಲ್ಲಿ ಒಂದು ಋತು ಆಡಿದ, 2024ರ ಯೂರೊ ಕಪ್‌ನಲ್ಲಿ ಪೋರ್ಚುಗಲ್‌ನ ಆರಂಭಿಕ ತಂಡದಲ್ಲಿದ್ದ. ಮುಳುಗಿದವನ ಕಥೆಯಂತೂ ಇದಲ್ಲ.

ವಿರೋಧ: ಪಾಯಸ ಬರುವ ಮುನ್ನ ಎಲೆ ಬಿಟ್ಟು ಎದ್ದವನು

ಅಂದು ಸಿಟಿ ಅಂಕಪಟ್ಟಿಯಲ್ಲಿ ಆರ್ಸೆನಲ್‌ಗಿಂತ 5 ಅಂಕ ಹಿಂದಿತ್ತು. ಆ ಋತು ಮುಗಿಯುವ ಹೊತ್ತಿಗೆ ಲೀಗ್, ಎಫ್‌ಎ ಕಪ್, ಚಾಂಪಿಯನ್ಸ್ ಲೀಗ್ ಮೂರೂ ಸಿಟಿಯ ಪಾಲಾಗಿದ್ದವು. ಇದು ಆತನಿಗೆ ಮೊದಲೇ ಹೇಗೆ ಗೊತ್ತಿರಬೇಕು ಎಂದು ಕೇಳಬಹುದು. ಗೊತ್ತಿರಬೇಕಿರಲಿಲ್ಲ. ಗ್ವಾರ್ಡಿಯೊಲಾ ಅವರ ತಂಡದಲ್ಲಿ ಡಿಸೆಂಬರ್‌ನಲ್ಲಿ ಕುಳಿತವನು ಮಾರ್ಚ್‌ನಲ್ಲಿ ಏಳುತ್ತಾನೆ ಎಂಬಷ್ಟು ಮೂರೂವರೆ ವರ್ಷ ಅಲ್ಲಿದ್ದವನಿಗೆ ಗೊತ್ತಿರಬೇಕಿತ್ತು. ಅದೇ ಋತುವಿನಲ್ಲಿ ಜಾನ್ ಸ್ಟೋನ್ಸ್ ಎದ್ದ. ಅದೂ ಯಾವ ಕೆಲಸಕ್ಕೆ? ರಕ್ಷಣಾ ಸಾಲಿನಿಂದ ನಡುವಿಗೆ ಸರಿದು ಆಟ ಕಟ್ಟುವ, ಕ್ಯಾನ್ಸೆಲೊ ರೂಢಿಗೆ ತಂದಿದ್ದ ಅದೇ ಕೆಲಸಕ್ಕೆ.

ಬೆಂಚು ಆತನಿಗೆ ಸಿಟಿಯಲ್ಲಿ ಮಾತ್ರ ಸಿಕ್ಕಿದ್ದಲ್ಲ ಎಂಬುದನ್ನೂ ಮರೆಯಬಾರದು. ವಿಶ್ವಕಪ್‌ನಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧದ ನಾಕೌಟ್ ಪಂದ್ಯಕ್ಕೆ ಪೋರ್ಚುಗಲ್ ತರಬೇತುದಾರ ಫರ್ನಾಂಡೊ ಸ್ಯಾಂಟೋಸ್ ಕೂಡ ಈತನನ್ನು ಕೂರಿಸಿ ಡಿಯೊಗೊ ಡಾಲೊಟ್‌ನನ್ನು ಆಡಿಸಿದ್ದರು. ಪೋರ್ಚುಗಲ್ 6–1ರಿಂದ ಗೆದ್ದಿತು. ಒಬ್ಬ ತರಬೇತುದಾರ ತಪ್ಪಿರಬಹುದು. ತಿಂಗಳ ಅಂತರದಲ್ಲಿ ಇಬ್ಬರಿಗೂ ಒಂದೇ ಅನುಮಾನ ಬಂದಾಗ ಊರು ಬದಲಿಸುವುದಕ್ಕಿಂತ ಆಟ ತಿದ್ದಿಕೊಳ್ಳುವುದು ಲೇಸಿತ್ತು. ರಕ್ಷಣೆಯಲ್ಲಿ ಆತನಿಗಿದ್ದ ಆ ಅಸಡ್ಡೆ ಬಾರ್ಸಿಲೋನಾಕ್ಕೂ ಜೊತೆಯಲ್ಲೇ ಬಂತು. 2024ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ ವಿರುದ್ಧ ಡೆಂಬೆಲೆಯನ್ನು ಬೀಳಿಸಿ ಪೆನಾಲ್ಟಿ ಕೊಟ್ಟವನು ಈತನೇ.

ಮ್ಯೂನಿಕ್‌ನಲ್ಲಾದರೂ ನೆಲೆ ಸಿಕ್ಕಿತೇ? ಕರೆಸಿಕೊಂಡ ತರಬೇತುದಾರ ನಾಗಲ್ಸ್‌ಮನ್ ಅವರನ್ನು ಎರಡು ತಿಂಗಳು ತುಂಬುವ ಮೊದಲೇ ಕ್ಲಬ್ ಮನೆಗೆ ಕಳಿಸಿತು. ಹೊಸದಾಗಿ ಬಂದ ಟುಖೆಲ್ ಅವರ ಮುಂದೆ ಮತ್ತೆ ಮೊದಲಿನಿಂದ ಪರೀಕ್ಷೆ. ಬೇಸಿಗೆಯಲ್ಲಿ, 7 ಕೋಟಿ ಯೂರೊ ಕೊಟ್ಟು ಆತನನ್ನು ಖಾಯಂ ಆಗಿ ಕೊಳ್ಳುವ ಅವಕಾಶವನ್ನು ಬೇಯರ್ನ್ ಬಳಸಲೇ ಇಲ್ಲ. ಆಮೇಲೆ ಬಾರ್ಸಿಲೋನಾಕ್ಕೂ ಎರವಲು. 30 ತುಂಬಿದ ವರ್ಷವೇ ಸೌದಿಯ ಅಲ್ ಹಿಲಾಲ್.

ಹೋಲಿಸಿ ನೋಡಲು ಮನುಷ್ಯ ಪಕ್ಕದಲ್ಲೇ ಇದ್ದ. ಬರ್ನಾರ್ಡೊ ಸಿಲ್ವಾ ಕೂಡ 1994ರಲ್ಲಿ ಹುಟ್ಟಿದವನು, ಬೆನ್ಫಿಕಾ ಶಾಲೆಯಲ್ಲೇ ಕಲಿತವನು, ಪ್ರತಿ ಬೇಸಿಗೆಯೂ ಮ್ಯಾಂಚೆಸ್ಟರ್ ಬಿಡುವ ಮಾತಾಡುತ್ತಿದ್ದವನು. ಆದರೆ ಉಳಿದ. 2023ರ ಏಪ್ರಿಲ್‌ನ ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್‌ನಲ್ಲಿ ಬೇಯರ್ನ್ ತಂಡವನ್ನು ಸಿಟಿ 3–0ರಿಂದ ಬಗ್ಗುಬಡಿದಾಗ ಒಂದು ಗೋಲು ಆತನದು. ಎದುರು ತಂಡದ ಮೊದಲ ಹನ್ನೊಂದರಲ್ಲಿ ಕ್ಯಾನ್ಸೆಲೊ ಇರಲಿಲ್ಲ. ಸೆಮಿಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಹೊಡೆದ ನಾಲ್ಕರಲ್ಲಿ ಎರಡು ಗೋಲು ಮತ್ತೆ ಬರ್ನಾರ್ಡೊನವು.

ಕ್ಲಬ್ ತನಗೆ ಕೃತಘ್ನವಾಯಿತು ಎಂದು ಕ್ಯಾನ್ಸೆಲೊ ನಂತರ ಪೋರ್ಚುಗಲ್‌ನ ಪತ್ರಿಕೆಯೊಂದಕ್ಕೆ ಹೇಳಿಕೊಂಡ. ಇರಬಹುದು. 2023ರ ಜೂನ್ 10ರಂದು ಇಸ್ತಾಂಬುಲ್‌ನಲ್ಲಿ ಸಿಟಿ ಫೈನಲ್‌ಗೆ ಇಳಿದಾಗ ಎದುರಿಗಿದ್ದದ್ದು ಇಂಟರ್. ಅಂದು ಮೈದಾನದಲ್ಲಿದ್ದ ಎರಡೂ ಅಂಗಿಗಳನ್ನು ಆತ ಒಂದು ಕಾಲಕ್ಕೆ ತೊಟ್ಟವನೇ.