ರಕ್ಷಣೆಗೆ ನಂಬಿಕೆಯೊಂದೇ ಸಾಕೇ?

ಪರ: ಸಾಕು, ಅದು ದೇವರು ಕೊಡುವ ವರ

ಪಾಪದಿಂದ ಬಿಡುಗಡೆಯಾಗಿ ದೇವರನ್ನು ಸೇರುವುದೇ ರಕ್ಷಣೆ. ಅದಕ್ಕೆ ನಂಬಿಕೆಯೊಂದೇ ಸಾಕು. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನನ್ನೇ ನೋಡಿ. ಕ್ರೈಸ್ತನಾಗುವ ದೀಕ್ಷಾಸ್ನಾನ ಅವನಿಗೆ ಆಗಿರಲಿಲ್ಲ. ಕದ್ದದ್ದನ್ನು ವಾಪಸ್ ಕೊಡೋಣವೆಂದರೆ ಶಿಲುಬೆಯಿಂದ ಇಳಿಯುವ ಹಾಗಿಲ್ಲ. ನಿನ್ನ ರಾಜ್ಯಕ್ಕೆ ಬಂದಾಗ ನನ್ನನ್ನು ನೆನಪು ಮಾಡಿಕೋ ಎಂದು ಬೇಡಿಕೊಂಡ, ಅಷ್ಟೇ. ಈ ದಿನವೇ ನನ್ನ ಜೊತೆ ಪರದೈಸಿನಲ್ಲಿ, ಅಂದರೆ ಸ್ವರ್ಗದಲ್ಲಿ, ಇರುತ್ತೀ ಎಂಬ ಉತ್ತರ ಸಿಕ್ಕಿತು.

ಕ್ರೈಸ್ತ ಸಭೆಯ ಮೊದಲ ಬೋಧಕರಲ್ಲೊಬ್ಬನಾದ ಪೌಲನೂ ಇದನ್ನೇ ಹೇಳುತ್ತಾನೆ. ಯೆಹೂದ್ಯರ ಮೂಲಪುರುಷ ಅಬ್ರಹಾಮ ದೇವರ ಮಾತನ್ನು ನಂಬಿದ, ದೇವರ ಮುಂದೆ ನೀತಿವಂತನೆನಿಸಿಕೊಂಡ. ಇದು ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 15ನೇ ಅಧ್ಯಾಯ. ಸುನ್ನತಿಯ ಮಾತು ಬರುವುದು 17ರಲ್ಲಿ. ಅಂದರೆ ಯಾವ ವಿಧಿಯೂ ಇಲ್ಲದಿದ್ದಾಗಲೇ ದೇವರು ಅವನನ್ನು ಒಪ್ಪಿಕೊಂಡಿದ್ದ.

ಜರ್ಮನಿಯ ಎರ್ಫರ್ಟ್‌ನ ಮಠದಲ್ಲಿ ಮುಂದೆ ಪ್ರಾಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಉಪವಾಸ ಮಾಡಿ, ರಾತ್ರಿಯೆಲ್ಲ ಎದ್ದಿದ್ದು, ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದ. ಆದರೂ ಒಂದು ಪಾಪ ಬಿಟ್ಟುಹೋಯಿತೇನೋ ಎಂಬ ಹೆದರಿಕೆ. ಇಷ್ಟು ಮಾಡಿದರೆ ಸಾಕು ಎಂದು ಹೇಳುವವರು ಯಾರು? ಆ ಹೆದರಿಕೆಯ ಮೇಲೆಯೇ ವ್ಯಾಪಾರವೂ ನಡೆಯಿತು. ರೋಮಿನ ಸಂತ ಪೇತ್ರರ ದೇವಾಲಯ ಕಟ್ಟಲು ಹಣ ಬೇಕಿತ್ತು, ಪಾಪದ ಶಿಕ್ಷೆ ಕಡಿಮೆ ಮಾಡುವ ಪತ್ರಗಳನ್ನು ಊರೂರಲ್ಲಿ ಮಾರಿದರು. 1517ರಲ್ಲಿ ವಿಟೆನ್‌ಬರ್ಗ್‌ನಲ್ಲಿ ಲೂಥರ್ 95 ವಾದಗಳನ್ನು ಮುಂದಿಟ್ಟದ್ದು ಇದಕ್ಕೇ.

ಹಾಗಾದರೆ ಒಳ್ಳೆಯದು ಮಾಡುವುದೇ ಬೇಡವಾ? ಬೇಕು. ಹಣ್ಣು ಬಿಟ್ಟದ್ದರಿಂದ ಮಾವಿನ ಮರ ಮಾವಾಗುವುದಿಲ್ಲ. ಮಾವಾಗಿರುವುದರಿಂದ ಹಣ್ಣು ಬಿಡುತ್ತದೆ. ಆದರೆ ಆಸ್ಪತ್ರೆಯ ಹಾಸಿಗೆಯಲ್ಲಿ ಕೊನೆಯುಸಿರೆಳೆಯುತ್ತಿರುವವರಿಗೆ ‘ನೀನು ಜಾಸ್ತಿ ಮಾಡಬೇಕಿತ್ತು’ ಅನ್ನಲು ನನ್ನಿಂದಾಗದು. ಕ್ರಿಸ್ತ ನಿನಗಾಗಿ ಎಲ್ಲ ಮಾಡಿ ಮುಗಿಸಿದ್ದಾನೆ, ಅವನನ್ನು ನಂಬು ಎಂದಷ್ಟೇ ಹೇಳಬಲ್ಲೆ.

ವಿರೋಧ: ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು

ಕೃಪೆಯನ್ನು ದುಡ್ಡು ಕೊಟ್ಟು ಕೊಳ್ಳಬಹುದು ಎಂದು ನಾನೂ ಹೇಳುವುದಿಲ್ಲ. ಕಥೋಲಿಕ ಸಭೆ (ಚರ್ಚ್) 1547ರಲ್ಲಿ ಟ್ರೆಂಟ್ ಎಂಬಲ್ಲಿ ಸೇರಿದ್ದ ಬಿಷಪ್ಪರ ಮಹಾಸಭೆಯಲ್ಲಿ ಈ ವಿಷಯದ ಬಗ್ಗೆ ಮಾಡಿದ ಮೊದಲ ಖಂಡನೆಯೇ, ದೇವರ ಕೃಪೆಯಿಲ್ಲದೆ ಸ್ವಂತ ಕೆಲಸದಿಂದ ನೀತಿವಂತನಾಗಬಹುದು ಅನ್ನುವವರ ಮೇಲೆ. ಇದನ್ನು ಮರೆತು ಮಾತಾಡುವವರು ಬಹಳ.

ನನ್ನ ತಕರಾರು ‘ಒಂದೇ’ ಎಂಬುದಕ್ಕೆ. ಬಟ್ಟೆಯಿಲ್ಲದ, ಹೊಟ್ಟೆಗಿಲ್ಲದ ಸಹೋದರ ಬಾಗಿಲಿಗೆ ಬಂದಾಗ ‘ಸಮಾಧಾನದಿಂದ ಹೋಗು, ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು’ ಎಂದು ಹೇಳಿ ಏನೂ ಕೊಡದೆ ಕಳಿಸಿದರೆ ಏನು ಬಂತು ಎಂದು ಬೈಬಲಿನಲ್ಲಿರುವ ತನ್ನ ಪತ್ರದಲ್ಲಿ ಯಾಕೋಬ ಕೇಳುತ್ತಾನೆ. ಅವನೂ ಅಬ್ರಹಾಮನನ್ನೇ ತೋರಿಸುತ್ತಾನೆ, ಆದರೆ ಆದಿಕಾಂಡದ 22ನೇ ಅಧ್ಯಾಯದ ಅಬ್ರಹಾಮನನ್ನು, ಮಗ ಇಸಾಕನನ್ನು ಬಲಿಪೀಠದ ಮೇಲಿಟ್ಟವನನ್ನು. ನಂಬಿಕೆ ಅಲ್ಲಿ ಪೂರ್ತಿಯಾಯಿತು ಅನ್ನುತ್ತಾನೆ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಬರುವ ಕೊನೆಯ ನ್ಯಾಯತೀರ್ಪು ಇನ್ನೂ ನೇರ. ಅಲ್ಲಿ ಅರಸನಾಗಿ ಬರುವ ಕ್ರಿಸ್ತನು ನೆನಪಿಸುವುದು ಊಟ, ನೀರು, ಬಟ್ಟೆ, ಸೆರೆಮನೆಯಲ್ಲಿದ್ದವರ ಭೇಟಿ.

ಇದು ಕಥೋಲಿಕರ ಮಾತು ಮಾತ್ರವಲ್ಲ. ಲೂಥರನ್, ಅಂದರೆ ಲೂಥರನ ಪಂಥದ, ಪಾದ್ರಿ ಡೀಟ್ರಿಚ್ ಬೊನ್‌ಹೋಫರ್ ನಾಜಿ ಜರ್ಮನಿಯಲ್ಲಿ, 1937ರಲ್ಲಿ, ‘ಅಗ್ಗದ ಕೃಪೆ’ಯೇ ಸಭೆಯ ಶತ್ರು ಎಂದು ಬರೆದರು. ಪಶ್ಚಾತ್ತಾಪವಿಲ್ಲದ ಕ್ಷಮೆ, ಶಿಲುಬೆಯಿಲ್ಲದ ಕೃಪೆ ಅದು. ಸುತ್ತಲೂ ಎಷ್ಟೋ ಕ್ರೈಸ್ತರು ಭಾನುವಾರ ಕೃಪೆಯ ಪ್ರಸಂಗ ಕೇಳಿ, ಸೋಮವಾರ ಯೆಹೂದ್ಯ ನೆರೆಯವನ ವಿಷಯದಲ್ಲಿ ಸುಮ್ನೆ ಇದ್ದುಬಿಟ್ಟಿದ್ದರು. ಬೊನ್‌ಹೋಫರ್ ಸುಮ್ಮನಿರಲಿಲ್ಲ. 1945ರ ಏಪ್ರಿಲ್‌ನಲ್ಲಿ ಅವರನ್ನು ಗಲ್ಲಿಗೇರಿಸಿದರು.

1999ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ಕಥೋಲಿಕರೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ನಮ್ಮ ಯಾವ ಅರ್ಹತೆಯಿಂದಲೂ ಅಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಒಪ್ಪಿಕೊಳ್ಳುತ್ತಾನೆ, ಆ ಕೃಪೆಯೇ ಸತ್ಕ್ರಿಯೆಗೆ ಕರೆಯುತ್ತದೆ ಎಂದರು. ಇದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಆ ಕರೆಗೆ ಓಗೊಡದವನ ಗತಿಯೇನು ಎಂಬ ಪ್ರಶ್ನೆ ಉಳಿದೇ ಇದೆ.

ಕಳ್ಳನ ಮಾತು ಬಂದಾಗಲೆಲ್ಲ ನಾನು ಜಕ್ಕಾಯನನ್ನು ನೆನೆಯುತ್ತೇನೆ. ಕಳ್ಳನಿಗೆ ಸಮಯವಿರಲಿಲ್ಲ, ಯೆರಿಕೋವಿನ ಈ ಸುಂಕದವನಿಗೆ ಇತ್ತು. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದವರಿಗೆ ನಾಲ್ಕರಷ್ಟು ವಾಪಸ್ ಎಂದ. ಈ ಮನೆಗೆ ಇಂದು ರಕ್ಷಣೆಯಾಯಿತು ಎಂದು ಯೇಸು ಹೇಳಿದ್ದು ಆ ಮಾತಿನ ನಂತರ. ನಮ್ಮಲ್ಲಿ ಹೆಚ್ಚಿನವರ ಸ್ಥಿತಿ ಜಕ್ಕಾಯನದೇ ಅಲ್ವಾ?