ಸೂಳೆಕೆರೆ ಗುಡ್ಡದಲ್ಲಿ ಬಾಟ್ಲಿ ಒಡೆಯುವವರಿಗೆ

ಬಾಟ್ಲಿ ಖಾಲಿಯಾದ ಮೇಲೆ ಅದನ್ನು ಬಂಡೆಗೆ ಅಪ್ಪಳಿಸಿ ಒಡೆಯಲೇಬೇಕಾ? ಈ ಒಂದು ಪ್ರಶ್ನೆಗೆ ಯಾರಾದರೂ ಉತ್ತರ ಕೊಡಿ. ಕುಡಿಯುವುದು ನಿಮ್ಮ ಇಷ್ಟ, ನಿಮ್ಮ ದುಡ್ಡು. ಅದರ ತಂಟೆಗೆ ಇವತ್ತು ನಾನು ಬರುವುದಿಲ್ಲ. ಆದರೆ ಸೂಳೆಕೆರೆ ಸುತ್ತಲಿನ ಗುಡ್ಡಗಳಲ್ಲಿ, ಹತ್ತಿ ಬಂದವರು ಕೂತು ಸುಧಾರಿಸಿಕೊಳ್ಳುವ ಬಂಡೆ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಅದರ ಬುಡದಲ್ಲಿ ಗಾಜು. ಕಂದು, ಹಸಿರು, ಬಿಳಿ. ಕಾಲುದಾರಿಯ ಮಧ್ಯದಲ್ಲೇ ಚೂರು. ಬಾಟ್ಲಿಯನ್ನು ಹಾಗೇ ಬಿಟ್ಟು ಹೋಗಿದ್ದರೂ ಯಾರೋ ಎತ್ತಿಕೊಂಡು ಬರಬಹುದಿತ್ತು. ಒಡೆದು ಪುಡಿ ಮಾಡಿದ್ದನ್ನು ಹುಲ್ಲಿನ ಒಳಗಿಂದ ಯಾರು ಆರಿಸಬೇಕು ಹೇಳಿ.

ಈ ಕಡೆಯ ಪರಿಚಯ ಇಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ದಾವಣಗೆರೆಯಿಂದ ಸಂತೇಬೆನ್ನೂರು ದಾಟಿ ಚನ್ನಗಿರಿ ಕಡೆ ಹೋಗುವಾಗ ಕೆರೆಬಿಳಚಿ ಹತ್ತಿರ ಸಿಗುವ ಕೆರೆ ಇದು. ಕಾಗದದ ಮೇಲೆ ಶಾಂತಿಸಾಗರ, ಜನರ ಬಾಯಲ್ಲಿ ಸೂಳೆಕೆರೆ. ತುಂಬಿದಾಗ 6,000 ಎಕರೆಗೂ ಜಾಸ್ತಿ ನೀರು. ಸುತ್ತ ಗುಡ್ಡಗಳೇ ಗೋಡೆ. ನೀರು ಹೊರಗೆ ಹರಿದು ಹೋಗುತ್ತಿದ್ದ ಕಣಿವೆಗೆ ಒಂದೇ ಒಂದು ಏರಿ ಹಾಕಿದ್ದಾರೆ, ಅದರ ಉದ್ದ ಸಾವಿರ ಅಡಿಯ ಆಸುಪಾಸು ಅಷ್ಟೇ. ಅಷ್ಟರಲ್ಲೇ ಇಷ್ಟು ದೊಡ್ಡ ಕೆರೆ ನಿಂತಿದೆ! ಶಾಂತವ್ವ ಕಟ್ಟಿಸಿದಳು ಎಂದು ಊರವರು ಹೇಳುತ್ತಾರೆ, 800 ವರ್ಷಕ್ಕೂ ಹಳೆಯದು ಎನ್ನುತ್ತಾರೆ. ಕಟ್ಟಿದವರು ಯಾರೇ ಇರಲಿ, ಆ ಜಾಗವನ್ನು ಗುರುತಿಸಿದ ಕಣ್ಣಿಗೆ ಕೈ ಮುಗಿಯಬೇಕು. ಏರಿಯ ಪಕ್ಕದಲ್ಲೇ ಸಿದ್ದೇಶ್ವರನ ಗುಡಿ. ಮೇಲಿನಿಂದ ನೋಡಿದರೆ ಒಂದು ಕಡೆ ನೀರು, ಇನ್ನೊಂದು ಕಡೆ ಅಡಿಕೆ ತೋಟ, ಗದ್ದೆ. ಬೆಳಗಿನ ಹೊತ್ತು ಆ ಗಾಳಿಗೆ ನಿಂತವರಿಗೆ ವಾಪಸ್ ಇಳಿಯುವ ಮನಸ್ಸೇ ಬರುವುದಿಲ್ಲ. ಅದಕ್ಕೇ ನಾನು ಹೋಗುತ್ತಿರುತ್ತೇನೆ. ಅದಕ್ಕೇ ಇಷ್ಟು ಹೊಟ್ಟೆ ಉರಿಯುತ್ತದೆ.

ಇಲ್ಲಿನ ದಾರಿಗಳನ್ನು ಯಾವ ಇಲಾಖೆಯೂ ಮಾಡಿದ್ದಲ್ಲ. ಕುರಿ ದನ ಮಾಡಿದ್ದು, ಸೌದೆಗೆ ಬಂದವರು ಮಾಡಿದ್ದು, ಬಲೆ ಹೊತ್ತು ನೀರಿಗೆ ಇಳಿಯುವವರು ಮಾಡಿದ್ದು, ಹರಕೆ ಹೊತ್ತು ಬರಿಗಾಲಲ್ಲಿ ಬರುವ ಹೆಂಗಸರು ಮಾಡಿದ್ದು. ಇನ್ನೊಂದು ವಿಷಯ ಗಮನಿಸಿ. ಕುರಿ ಯಾವತ್ತೂ ಗುಡ್ಡವನ್ನು ನೆಟ್ಟಗೆ ಹತ್ತುವುದಿಲ್ಲ. ಓರೆಯಾಗಿ, ಗುಡ್ಡದ ಮೈ ಬಳಸಿಕೊಂಡು ಹೋಗುತ್ತದೆ. ಹಾಗಾಗಿ ಕುರಿ ನಡೆದ ದಾರಿಯಲ್ಲಿ ಮಳೆನೀರು ಜೋರಾಗಿ ಓಡುವುದಿಲ್ಲ, ಮಣ್ಣು ಕೊಚ್ಚಿ ಹೋಗುವುದಿಲ್ಲ. ಇದನ್ನು ಯಾಕೆ ಹೇಳಿದೆ ಎಂದು ಮುಂದೆ ಗೊತ್ತಾಗುತ್ತದೆ.

ಹೋದ ಬೇಸಿಗೆಯಲ್ಲಿ ಒಬ್ಬ ಅಜ್ಜ ಸಿಕ್ಕಿದ್ದರು. ಕುರಿ ಕಾಯುವವರು. ದಾರಿ ಪಕ್ಕ ಕೂತು ಒಂದು ಕುರಿಯ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಮುಳ್ಳು ತೆಗೆಯುವ ಚಿಮಟ ಹಿಡಿದು ಗೊರಸಿನ ಸಂದಿಯಲ್ಲಿ ಹುಡುಕುತ್ತಿದ್ದರು. ರಕ್ತ ಸುರಿಯುತ್ತಿತ್ತು. "ಮುಳ್ಳಾದ್ರೆ ಕೈಗೆ ಸಿಗ್ತತಿ ತಂಗಿ, ಗಾಜು ಕಾಣಂಗಿಲ್ಲ, ಒಳಗೇ ಮುರೀತತಿ" ಅಂದರು. ಕುಂಟುವ ಕುರಿ ಹಿಂಡಿನ ಜೊತೆ ನಡೆಯುವುದಿಲ್ಲ. ಗಾಯ ಕೀವಾದರೆ ಮೇಯುವುದನ್ನೂ ಬಿಡುತ್ತದೆ. ಅದರ ನಷ್ಟ ಯಾರಿಗೆ? ಶನಿವಾರ ರಾತ್ರಿ ಬಂದು ಕಿರುಚಾಡಿ ಹೋದವರಿಗಾ? "ನೀವು ಯಾರಿಗಾದರೂ ಹೇಳಿದ್ದೀರಾ ಅಜ್ಜಾ?" ಎಂದು ಕೇಳಿದೆ. "ಯಾರಿಗಂತ ಹೇಳಾನವ್ವ" ಎಂದು ಮತ್ತೆ ಕಾಲು ನೋಡತೊಡಗಿದರು. ಆ ಮಾತು ಇನ್ನೂ ನನ್ನ ತಲೆಯಿಂದ ಹೋಗಿಲ್ಲ.

ಬಾಟ್ಲಿ ಒಂದೇ ಅಲ್ಲ. ಬಿರಿಯಾನಿ ಡಬ್ಬ, ಪ್ಲಾಸ್ಟಿಕ್ ಲೋಟ, ಗುಟ್ಕಾ ಪಾಕೀಟು, ನೈಂಟಿ ಪ್ಯಾಕೆಟ್, ಮಕ್ಕಳ ಡೈಪರ್ ಕೂಡ ಇದೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚೀಲ, ಲೋಟ, ತಟ್ಟೆಗಳನ್ನು 2016ರಲ್ಲೇ ನಿಷೇಧ ಮಾಡಿದ್ದಾರೆ. ದೇಶಕ್ಕೆಲ್ಲ ಅನ್ವಯಿಸುವ ನಿಷೇಧ 2022ರ ಜುಲೈ 1ರಿಂದ ಇದೆ. ಗುಡ್ಡದ ಮೇಲೆ ಬಂದು ನೋಡಿ, ಆ ನಿಷೇಧ ಎಲ್ಲಿದೆ ಎಂದು ತೋರಿಸಿ.

ಮತ್ತೆ ಇವೆಲ್ಲ ಎಲ್ಲಿಗೆ ಹೋಗುತ್ತವೆ? ಮಳೆ ಬಂದರೆ ಗುಡ್ಡದ ಮೇಲಿನದೆಲ್ಲ ಇಳಿಯುವುದು ಕೆರೆಗೇ, ಬೇರೆ ಜಾಗ ಇಲ್ಲ. ಅದೇ ನೀರು ಚಿತ್ರದುರ್ಗದ ನಲ್ಲಿಗೆ ಹೋಗುತ್ತದೆ. ಸಿದ್ದನಾಲೆ, ಬಸವನಾಲೆಯಲ್ಲಿ ಗದ್ದೆ ತೋಟಕ್ಕೆ ಹೋಗುತ್ತದೆ. ಉಳಿದದ್ದು ಹರಿದ್ರಾ ಹಳ್ಳವಾಗಿ ಹರಿಹರದಲ್ಲಿ ತುಂಗಭದ್ರೆ ಸೇರುತ್ತದೆ. ದುರ್ಗದಿಂದ ಪಾರ್ಟಿ ಮಾಡಲು ಬರುವ ಹುಡುಗರೇ, ನಿಮ್ಮ ಮನೆಯಲ್ಲಿ ನಿಮ್ಮ ಅಮ್ಮ ಕೊಡಕ್ಕೆ ಹಿಡಿಯುವ ನೀರಿದು. ಅದಕ್ಕೆ ಉಚ್ಚೆ ಹೊಯ್ದು, ಅದರಲ್ಲಿ ಬಾಟ್ಲಿ ತೇಲಿಬಿಟ್ಟು, ವಿಡಿಯೋ ಮಾಡಿ ಹಾಕುತ್ತೀರಲ್ಲ, ನಾಚಿಕೆ ಆಗುವುದಿಲ್ವಾ?

ಇನ್ನು ಟ್ರೆಕ್ಕಿಂಗ್ ಹೆಸರಲ್ಲಿ ಬರುವವರ ಕಥೆ. ದೊಡ್ಡ ಊರಿನಿಂದ ಟೆಂಪೋ ಟ್ರಾವೆಲರ್ ಮಾಡಿಕೊಂಡು ಬರುತ್ತಾರೆ. ತಲೆಗೆ ಇಷ್ಟು ಎಂದು ದುಡ್ಡು, ತಿಂಡಿ, ಟೀ ಶರ್ಟು, "ಯಾರಿಗೂ ಗೊತ್ತಿಲ್ಲದ ಕೆರೆ" ಎಂಬ ಜಾಹೀರಾತು. ಯಾರಿಗೂ ಗೊತ್ತಿಲ್ಲದ ಕೆರೆಯಂತೆ! ನಮ್ಮ ಅಜ್ಜಿ ಮುತ್ತಜ್ಜಿಯರು ಜಾತ್ರೆಗೆ ಬರುತ್ತಿದ್ದ ಕೆರೆ ಇದು. ಬಂದವರು ನಿಧಾನವಾಗಿ ಕುರಿದಾರಿಯಲ್ಲಿ ಹತ್ತುತ್ತಾರಾ ಎಂದರೆ ಅದೂ ಇಲ್ಲ, ಬಿಸಿಲೇರುವ ಮೊದಲು ಮೇಲೆ ಮುಟ್ಟಬೇಕು, ಫೋಟೋ ಆಗಬೇಕು, ಮಧ್ಯಾಹ್ನಕ್ಕೆ ಇನ್ನೊಂದು ಜಾಗ ನೋಡಬೇಕು, ಹಾಗಾಗಿ ನೆಟ್ಟಗೆ ಇಳಿಜಾರಿನಲ್ಲೇ ನುಗ್ಗುತ್ತಾರೆ, ಒಬ್ಬರ ಹಿಂದೆ ಒಬ್ಬರು, ಇಡೀ ಗುಂಪು. ಹುಲ್ಲು ಸಾಯುತ್ತದೆ. ಮಣ್ಣು ಸಡಿಲ ಆಗುತ್ತದೆ. ಒಂದು ಮಳೆಗಾಲಕ್ಕೆ ಆ ಅಡ್ಡದಾರಿ ಕೊರಕಲಾಗುತ್ತದೆ, ಕೊರಕಲಿನ ಮಣ್ಣು ಕೆರೆಗೆ ಹೂಳಾಗಿ ಕೂರುತ್ತದೆ. ಕೆರೆಯಲ್ಲಿ ಹೂಳು ತುಂಬಿದೆ, ತೆಗೆಸಿ ಎಂದು ನಮ್ಮ ಕಡೆಯ ರೈತರು ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದಾರೆ. ಇವರು ಇನ್ನಷ್ಟು ಮಣ್ಣು ತಳ್ಳಿ ಹೋಗುತ್ತಾರೆ. ಸಾಲದ್ದಕ್ಕೆ ಬಂಡೆಗಳ ಮೇಲೆ ಬಿಳಿ ಪೇಂಟಿನಲ್ಲಿ ಬಾಣದ ಗುರುತು, ಹೆಸರು, ಹೃದಯ.

ಅಂಥ ಒಂದು ಗುಂಪಿನ ಮುಂದಾಳನ್ನು ನಿಲ್ಲಿಸಿ ಕೇಳಿದೆ. "ಮೇಡಂ, ನಾವು ಕಸ ಹಾಕುವವರಲ್ಲ, ಎಲ್ಲ ಲೋಕಲ್‌ನವರದ್ದೇ" ಅಂದ. ಕೆಳಗೆ ಟೀ ಅಂಗಡಿಯಲ್ಲಿ ಕೇಳಿದರೆ "ನಮ್ಮೂರವರು ಹಂಗೆ ಮಾಡಲ್ಲ ಬಿಡ್ರಿ, ಎಲ್ಲಾ ಹೊರಗಿನವರು". ಹಾಗಾದರೆ ಆ ಗಾಜು ಬಂಡೆಯಿಂದ ಹುಟ್ಟಿತಾ? ಇಬ್ಬರೂ ಮಾಡುತ್ತಿದ್ದೀರಿ. ನಮ್ಮ ದಾವಣಗೆರೆ ಹುಡುಗರು ಬೈಕಿನಲ್ಲಿ ಬಂದು ಏನು ಮಾಡುತ್ತಾರೆ ಎಂದು ನನ್ನ ಕಣ್ಣಾರೆ ಕಂಡಿದ್ದೇನೆ, ಆದ್ದರಿಂದ ಯಾರೂ ನನ್ನ ಹತ್ತಿರ ಒಳ್ಳೆಯವರ ಪಟ್ಟಿ ತರಬೇಡಿ.

ಬೆಂಕಿ ವಿಷಯಕ್ಕೆ ಬರುತ್ತೇನೆ. ಸಂಕ್ರಾಂತಿ ಕಳೆದ ಮೇಲೆ ಈ ಗುಡ್ಡಗಳ ಬಾದೆ ಹುಲ್ಲು ಒಣಗಿ ನಿಂತಿರುತ್ತದೆ. ಒಂದು ಬೀಡಿ ತುಂಡು ಸಾಕು. ಅಂಥ ಹೊತ್ತಲ್ಲಿ ರಾತ್ರಿ ಟೆಂಟ್ ಹಾಕಿ, ಕೋಳಿ ಸುಟ್ಟು, ಕೆಂಡದ ಮೇಲೆ ಅರ್ಧ ಬಾಟ್ಲಿ ನೀರು ಚೆಲ್ಲಿ ಎದ್ದು ಹೋಗುತ್ತಾರೆ. ಮಾರನೇ ದಿನ ಗುಡ್ಡದ ಒಂದು ಮಗ್ಗುಲೇ ಕಪ್ಪು. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು, ಮೊಲ, ಓತಿಕ್ಯಾತ, ಇವುಗಳಿಗೆ ಓಡಲು ಜಾಗ ಎಲ್ಲಿದೆ? ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಕಾಯ್ದೆ ಇದೆ. ಗುಡ್ಡದ ಬುಡದಲ್ಲಿ ನಿಂತು ಕೇಳುವ ಒಬ್ಬ ಮನುಷ್ಯ ಇಲ್ಲ.

ಕಚೇರಿಗಳಿಗೆ ಹೋಗಿಲ್ವಾ ಎಂದು ಕೇಳುತ್ತೀರಿ. ಹೋಗಿದ್ದೇನೆ. ಒಂದು ಕಡೆ ಕೇಳಿದರೆ ನೀರು ಮಾತ್ರ ನಮ್ಮದು, ಗುಡ್ಡ ಬೇರೆಯವರದು. ಇನ್ನೊಂದು ಕಡೆ ಗುಡ್ಡ ನಮ್ಮದೇ, ಆದರೆ ಕಸ ಪಂಚಾಯಿತಿಯದು. ಅಲ್ಲಿ ಹೋದರೆ ಊರ ಕಸಕ್ಕೇ ಗಾಡಿ ಇಲ್ಲ ತಾಯಿ, ಗುಡ್ಡದ ಕಸಕ್ಕೆ ಎಲ್ಲಿಂದ ತರೋಣ. ಕೊನೆಗೆ ಒಬ್ಬರು ಸಮಾಧಾನ ಮಾಡುವ ದನಿಯಲ್ಲಿ, ಮುಂದೆ ಇಲ್ಲಿ ವ್ಯೂ ಪಾಯಿಂಟು, ಪಾರ್ಕಿಂಗು ಎಲ್ಲ ಬರುತ್ತದೆ, ಆಗ ಸರಿಹೋಗುತ್ತದೆ ಅಂದರು. ಕಾರು ಮೇಲಿನವರೆಗೂ ಬರುವ ಹಾಗಾದರೆ ಬಾಟ್ಲಿ ಕಡಿಮೆ ಆಗುತ್ತದಾ ಜಾಸ್ತಿ ಆಗುತ್ತದಾ? ಇಷ್ಟು ಸಣ್ಣ ಲೆಕ್ಕ ಹೊಳೆಯುವುದಿಲ್ವಾ ಇವರಿಗೆ?

ಹಿರಿಯೂರಿನ ವಾಣಿ ವಿಲಾಸ ಸಾಗರದಲ್ಲೂ ಇದೇ ಹಣೆಬರಹ. ಜನ ಮಾರಿಕಣಿವೆ ಎಂದು ಕರೆಯುವ, 1933ರಲ್ಲಿ ಕೋಡಿ ಬಿದ್ದಿದ್ದ ಆ ಅಣೆಕಟ್ಟು ಮತ್ತೆ ತುಂಬಿ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ! ಇಡೀ ಜಿಲ್ಲೆ ಕುಣಿದಾಡಿತು, ನಾನೂ ಹೋಗಿ ಕಣ್ತುಂಬ ನೋಡಿ ಬಂದೆ. ಹಿನ್ನೀರು ಭಾರತದ ನಕ್ಷೆಯ ಹಾಗೆ ಕಾಣುತ್ತದೆ ಎಂದು ಎಲ್ಲರೂ ಹತ್ತುವ ಗುಡ್ಡ ಇದೆಯಲ್ಲ, ಅಲ್ಲಿ ನಿಂತು ಭಾರತ್ ಮಾತಾ ಕೀ ಜೈ ಎಂದು ರೀಲ್ಸ್ ಮಾಡಿ, ಅದೇ ಕೈಯಲ್ಲಿ ಖಾಲಿ ಬಾಟ್ಲಿಯನ್ನು ಕೆಳಗೆ ಬೀಸುತ್ತಾರೆ. ಏನು ದೇಶಪ್ರೇಮವೋ ಇದು.

ದಾರಿ ಇಲ್ಲ ಎಂದೇನಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಸರ್ಕಾರ ಎಚ್ಚೆತ್ತು, ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ತಂದಿತು. ಘಟ್ಟದ ಬೆಟ್ಟಕ್ಕೆ ಒಂದು ನಿಯಮ, ಬಯಲುಸೀಮೆ ಗುಡ್ಡಕ್ಕೆ ಏನೂ ಇಲ್ಲ. ನಮ್ಮ ಗುಡ್ಡ ಕುಳ್ಳ, ಕಾಡು ಕುರುಚಲು, ಅದಕ್ಕೇ ಲೆಕ್ಕಕ್ಕಿಲ್ವಾ? ತಮಿಳುನಾಡಿನ ನೀಲಗಿರಿಯಲ್ಲಿ 2022ರಿಂದ ಒಂದು ಪದ್ಧತಿ ಇದೆ. ಮದ್ಯದ ಬಾಟ್ಲಿಗೆ 10 ರೂಪಾಯಿ ಹೆಚ್ಚಿಗೆ ತೆಗೆದುಕೊಳ್ಳುತ್ತಾರೆ, ಖಾಲಿ ಬಾಟ್ಲಿ ವಾಪಸ್ ತಂದರೆ ಆ 10 ರೂಪಾಯಿ ಕೊಡುತ್ತಾರೆ. ಕಾಡಿನಲ್ಲಿ ಒಡೆದ ಗಾಜಿನಿಂದ ಪ್ರಾಣಿಗಳಿಗೆ ತೊಂದರೆ ಎಂದು ಹೈಕೋರ್ಟ್ ಹಿಂದೆ ಬಿದ್ದ ಮೇಲೆ ಆದದ್ದು. ಅಲ್ಲಿ ಆಗಿದ್ದು ಇಲ್ಲಿ ಯಾಕೆ ಆಗಬಾರದು?

"ಬರೆಯುವ ಬದಲು ನೀನೇ ಹೋಗಿ ಆರಿಸು" ಎನ್ನುವವರು ಈಗ ಬರುತ್ತಾರೆ. ಆರಿಸಿದ್ದೇವೆ ಸ್ವಾಮಿ. ಗೆಳತಿಯರು ಸೇರಿ ಗೋಣಿಚೀಲ, ಕೈಗವಸು ತೆಗೆದುಕೊಂಡು ಹೋಗಿ ತುಂಬಿಸಿ ತಂದಿದ್ದೇವೆ. ಮುಂದಿನ ಸಲ ಹೋದರೆ ಅದೇ ಬಂಡೆ ಕೆಳಗೆ ಹೊಸ ಗಾಜು. ನಾವು ಆರಿಸುತ್ತಲೇ ಇರಬೇಕು, ನೀವು ಒಡೆಯುತ್ತಲೇ ಇರಬೇಕು, ಇದು ಯಾವ ನ್ಯಾಯ?

ಚನ್ನಗಿರಿ ತಾಲ್ಲೂಕಿನ ಮದ್ಯದಂಗಡಿಗಳಿಂದಲೇ ಶುರು ಮಾಡಿ. ಬಾಟ್ಲಿ ಮೇಲೆ 10 ರೂಪಾಯಿ ಇಟ್ಟುಕೊಳ್ಳಿ. ಕುಡಿದವನು ವಾಪಸ್ ತಂದರೆ ಅವನಿಗೆ ಕೊಡಿ. ಅವನು ಬಿಟ್ಟು ಹೋಗಿ ಕುರಿ ಕಾಯುವ ಅಜ್ಜ ಆರಿಸಿ ತಂದರೆ ಆ ದುಡ್ಡು ಅಜ್ಜನಿಗೆ ಕೊಡಿ. ಶನಿವಾರ, ಭಾನುವಾರ ಗುಡ್ಡದ ಬುಡದಲ್ಲಿ ಒಬ್ಬ ಗಾರ್ಡ್ ನಿಂತು ಚೀಲ ನೋಡಲಿ. ಬೇಸಿಗೆ ಬರುವ ಮೊದಲು ಇಷ್ಟಾದರೂ ಆಗಬೇಕು. ಈ ಮನವಿಗೆ ಸಹಿ ಹಾಕುವವರು ಕೆಳಗೆ ಊರಿನ ಹೆಸರು ಬರೆಯಿರಿ, ನಾನೇ ಪ್ರಿಂಟ್ ತೆಗೆದು ಎಲ್ಲ ಕಚೇರಿಗೂ ಮತ್ತೆ ಕೊಟ್ಟು ಬರುತ್ತೇನೆ.